ಐವತ್ತು ಹರ್ಟ್ಸ್

ನಾಣ್ಯ ನುಂಗದೆ ನಮ್ಮ ಲಿಫ್ಟು ಏಳುವುದಿಲ್ಲ.
ಟಿಬಿಲಿಸಿಯ ಅಂಚಿನ ಈ ಹದಿನಾರು ಮಹಡಿಯಲ್ಲಿ
ಅದರ ಗಂಟಲಿಗೆ ಮೈಕು ಹಿಡಿದು
ಏರಿ ಇಳಿದಿದ್ದೇನೆ, ನಲವತ್ತು ನಾಣ್ಯದಷ್ಟು.
ಒಂಬತ್ತರ ಮಕ್ವಾಲಾ ಆಗಲೇ
ಮೇಲೆಲ್ಲೋ ಇವಳಿಗೊಬ್ಬ ಗೆಣೆಯ ಸಿಕ್ಕಿದ್ದಾನೆಂದು
ಬ್ರೆಡ್ಡಿನ ಅಂಗಡಿಯಲ್ಲಿ ಸಾರಿಬಿಟ್ಟಿದ್ದಾಳೆ.
ಸಿಕ್ಕಿದ್ದರೆ ಚೆನ್ನಾಗಿತ್ತು.
ಸಿಕ್ಕಿದ್ದು ಒಂದು ಕಟಕ್, ಆಮೇಲೆ ತುಸು ಬಿಟ್ಟು
ಅದರ ಹೊಟ್ಟೆಯೊಳಗೆಲ್ಲೋ ಒಂದು ಗುಡುಗುಡು.

ಹೊಸ ಆಲ್ಬಮ್ಮಿಗೆ ಮೂರು ಮಾಡಿದೆ, ಮೂರನ್ನೂ ಅಳಿಸಿದೆ.
ಚೆನ್ನಾಗಿದ್ದವು; ಅದೇ ತೊಂದರೆ.
ಬರ್ಲಿನ್ನಿನಲ್ಲಿ ಯಾರೋ ಆಗಲೇ ಮಾಡಿಟ್ಟಷ್ಟು ಚೆನ್ನಾಗಿದ್ದವು.

ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ನನ್ನ ಸಿಂಥ್
ವಯಸ್ಸಿನಲ್ಲಿ ನನಗಿಂತ ಹಿರಿದು. ಒಂದು ಕೀಲಿ ಸತ್ತಿದೆ,
ಇನ್ನೊಂದನ್ನು ಒತ್ತಿದರೆ ಬಿಡುವುದೇ ಇಲ್ಲ, ಹಳೇ ಮುನಿಸಿನಂತೆ.
ಅದರ ಹಿಂದೆ, ಎಲ್ಲದರ ಹಿಂದೆ, ಒಂದು ಗುಂಯ್.
‘ಅರ್ತಿಂಗ್ ಸರಿಯಿಲ್ಲ’ ಎಂದ ಜ್ವಿಯಾದ್,
ನನ್ನ ಸದ್ದುಗಳನ್ನು ಕೊನೆಗೆ ಒಗೆದು ಇಸ್ತ್ರಿ ಮಾಡಿಕೊಡುವವನು.
ವೈರು ಬದಲಿಸಿದೆ, ನಲ್ಲಿಯ ಪೈಪಿಗೆ ತಂತಿ ಸುತ್ತಿದೆ.
ಗುಂಯ್.
ಐವತ್ತು ಹರ್ಟ್ಸ್: ಕೀಬೋರ್ಡಿನ ಯಾವ ಮನೆಗೂ ಸೇರದೆ
ಎರಡು ಮನೆಗಳ ನಡುವಿನ ಗೋಡೆಯೊಳಗೆ ವಾಸವಿರುವ ಸ್ವರ.

ನಾನು ಆರು ವರ್ಷದವಳಿದ್ದಾಗ ಈ ಸ್ವರ ಊರಲ್ಲೇ ಇರಲಿಲ್ಲ.
ದಿನಕ್ಕೆರಡು ಗಂಟೆ ಕರೆಂಟು, ಅದೂ ಬಂದರೆ ಬಂತು.
ಸೀಮೆಎಣ್ಣೆ ಸ್ಟೌವಿನ ಸುತ್ತ ಕೋಟು ತೊಟ್ಟೇ ಕೂರುತ್ತಿದ್ದೆವು.
ಅಪ್ಪ ಸತ್ತ ರೇಡಿಯೋದ ತಿರುಪು ತಿರುಗಿಸಿಟ್ಟು
‘ಸದ್ದು ಮಾಡಬೇಡಿ, ಕೇಳಿಸುವುದಿಲ್ಲ’ ಎನ್ನುತ್ತಿದ್ದ.
ಆಮೇಲೆ ಯಾವುದೋ ಅವೇಳೆಯಲ್ಲಿ
ಫ್ರಿಜ್ಜು ಮೈ ಕೊಡವಿಕೊಂಡು ಏಳುತ್ತಿತ್ತು
(ನಾನು ಕೇಳಿದ ಮೊದಲ ಬೇಸ್ ಅದು, ಪಾದದಿಂದ ಕೇಳಿದ್ದು)
ಕಟ್ಟಡದಿಂದ ಕಟ್ಟಡಕ್ಕೆ ಕಿಟಕಿಗಳು ಕೂಗುತ್ತಿದ್ದವು:
‘ಮೋವಿದಾ! ಮೋವಿದಾ!’
ಬಂತು, ಬಂತು.

ಅದು ಬೇಕಿತ್ತು ನನಗೆ.
ನೆರೆಯವರನ್ನು ಕರೆದು, ಮೈಕಿನೆದುರು ನಿಲ್ಲಿಸಿ, ಕೂಗಿ ಎಂದೆ.
ಮಕ್ವಾಲಾ ತುಟಿಗೆ ಬಣ್ಣ ಹಚ್ಚಿಕೊಂಡು ಬಂದು
ರಂಗದ ಮೇಲಿನ ರಾಣಿಯಂತೆ ಕೂಗಿದಳು.
‘ಏನು ಬಂತು?’ ಎಂದು ಅವಳ ಮೊಮ್ಮಗ ಕೇಳಿದ.
ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನು ಅಳಿಸಿದೆ.

ಫೆಬ್ರವರಿಯ ಒಂದು ಸಂಜೆ. ನಾಲ್ಕು ಗಂಟೆಯ ಕೆಲಸ,
ಸೇವ್ ಮಾಡಿರಲಿಲ್ಲ. ಪಟ್ಟನೆ ಕತ್ತಲು.
ಬೈದೆ. ಬೈಗುಳ ತೀರಿದ ಮೇಲೆ ಕೇಳಿಸಿತು,
ಗುಂಯ್ ಇಲ್ಲ.
ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗಿ ಹೋಗಿ ಬರುವಂತೆ
ಕಿವಿ ಅಲ್ಲಿಗೇ ಹೋಯಿತು.
ಬ್ಯಾಟರಿಯ ರೆಕಾರ್ಡರ್ ಹಿಡಿದು ಮೆಟ್ಟಿಲಿಗೆ ಬಂದರೆ
ಏಳಕ್ಕೂ ಎಂಟಕ್ಕೂ ನಡುವೆ ನಿಂತ ಲಿಫ್ಟು,
ಒಳಗೆ ಮುದುಕ ಜುಂಬೇರ್, ಆಲೂಗಡ್ಡೆಯ ಚೀಲದೊಂದಿಗೆ.
‘ಯಾರದು?’
‘ನಾನು, ತಮ್ತಾ.’
‘ಕೂತಿದ್ದೇನೆ ಬಿಡಮ್ಮ.’
ಆಮೇಲೆ ನಲವತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಆಗೊಮ್ಮೆ ಈಗೊಮ್ಮೆ ತಗಡಿನ ಗೋಡೆಗೆ ಅವನ ಉಂಗುರ ತಾಗುತ್ತಿತ್ತು.

ಬಂದಾಗ ಯಾರೂ ಕೂಗಲಿಲ್ಲ.
ಮೋಡೆಮ್ಮುಗಳು ಕುಂಯ್‌ಗುಟ್ಟಿದವು, ಮಹಡಿ ಮಹಡಿಯ ಫ್ರಿಜ್ಜುಗಳು
ಒಂದಾದ ಮೇಲೊಂದು ಗಂಟಲು ಸರಿಮಾಡಿಕೊಂಡವು,
ಲಿಫ್ಟು ಕದಲಿತು, ಒಳಗಿನಿಂದ, ಯಾರಿಗೂ ಅಲ್ಲದೆ,
ಆಲೂಗಡ್ಡೆಗೆ ಹೇಳಿದಷ್ಟು ಮೆಲ್ಲಗೆ:
‘ಮೋವಿದಾ.’
ರೆಕಾರ್ಡರ್ ಎದೆಗವಚಿಕೊಂಡು ಮನೆಗೆ ಓಡಿದೆ.

‘ಗುಂಯ್ ತೆಗೆದುಬಿಡಲೇ?’ ಎಂದು ಜ್ವಿಯಾದ್ ಕೇಳಿದ.
ಬೇಡ, ಉಳಿದದ್ದನ್ನು ಅದಕ್ಕೆ ಶ್ರುತಿ ಮಾಡೋಣ ಎಂದೆ.
‘ಒಂಬತ್ತೂ?’
ಒಂಬತ್ತೂ.
ಒಂದು ವಾರ ಅವನು ಫೋನೆತ್ತಲಿಲ್ಲ.

ಎಲ್ಲ ಮುಗಿದ ಮೇಲೆ ಜುಂಬೇರನ ಅಡುಗೆಮನೆಯಲ್ಲಿ
ಅವನ ದೊಡ್ಡ ಕಿವಿಗಳಿಗೆ ಹೆಡ್‌ಫೋನ್ ತೊಡಿಸಿ ಕೇಳಿಸಿದೆ.
ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಕಳಚಿ ಮೇಜಿನ ಮೇಲಿಟ್ಟ.
‘ಅವತ್ತು ಆ ಲಿಫ್ಟು ನನ್ನನ್ನು ಮೇಲೆ ಒಯ್ಯಲಿಲ್ಲ,
ಸೀದಾ ನೆಲಕ್ಕೆ ಇಳಿಸಿತು.
ಕತ್ತಲಲ್ಲಿ ಜೇಬೆಲ್ಲ ತಡಕಿ ಇನ್ನೊಂದು ನಾಣ್ಯ ಹಾಕಿದೆ.
ಆ ಸದ್ದು ಇದರಲ್ಲಿ ಇಲ್ಲವಲ್ಲ.’